ಗಣಿತ ಅಧ್ಯಾಪಕರ ಶಾಲೆಯಾಚೆಗಿನ ಬರವಣಿಗೆ, ಕಲೆ: ನಿಮ್ಮ ಅನುಭವವೇನು?

ಪ್ರಶ್ನೆ: ಮುಳ್ಳೇರಿಯ ಕಡೆಯ ಗಣಿತ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಒಂದು ಪ್ರೌಢಶಾಲೆಯ ಕನ್ನಡ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಮೂರು ವರ್ಷಗಳ ಹಿಂದೆ ನಮ್ಮೂರಿನ ಮಹಿಳಾ ತಾಳಮದ್ದಳೆ (ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು-ಮಾತುಗಳಲ್ಲಿಯೇ ನಡೆಸುವ ಯಕ್ಷಗಾನ) ಕೂಟಕ್ಕೆ ಸೇರಿದೆ. ಮೊದಮೊದಲು ಸಣ್ಣಪುಟ್ಟ ಪಾತ್ರಗಳಿಗೆ ಅರ್ಥ ಹೇಳುತ್ತಿದ್ದೆ. ಈಗ ಅಂಬೆಯ ಕಥೆಯನ್ನು ಒಂದು ಕಿರು ಪ್ರಸಂಗವಾಗಿ ನಾನೇ ಬರೆಯಲು ಹೊರಟಿದ್ದೇನೆ. ಬರೆಯುವುದು ಹಳೆಯ ಟೀಚಿಂಗ್ ಮ್ಯಾನುವಲಿನ ಹಿಂಬದಿಯ ಖಾಲಿ ಪುಟಗಳಲ್ಲಿ. ಬರೆಯುವ ಹೊತ್ತು ರಾತ್ರಿ ಒಂಬತ್ತೂವರೆಯ ಮೇಲೆ, ಮರುದಿನದ ಪಾಠದ ತಯಾರಿ ಮುಗಿದು, ಮಲಯಾಳದಲ್ಲಿ ಬಂದ ಸುತ್ತೋಲೆಗಳನ್ನು ಸಹೋದ್ಯೋಗಿಗಳಿಗಾಗಿ ಕನ್ನಡಕ್ಕೆ ಇಳಿಸಿಕೊಟ್ಟು, ಮನೆಯವರೆಲ್ಲರ ಊಟವಾದ ನಂತರ.

ಕ್ರಿಸ್ಮಸ್ ಪರೀಕ್ಷೆಯಲ್ಲಿ ಹತ್ತನೆಯ ತರಗತಿಯ ನಾಲ್ಕೈದು ಮಕ್ಕಳ ಅಂಕಗಳು ಇಳಿದವು. ಪಿ.ಟಿ.ಎ. (ಅಧ್ಯಾಪಕ-ಹೆತ್ತವರ ಸಂಘ) ಸಭೆಯಲ್ಲಿ ಹೆತ್ತವರೊಬ್ಬರು ಎದ್ದುನಿಂತು, “ಟೀಚರು ತಾಳಮದ್ದಳೆಗೆ ಹೋಗುವ ಬದಲು ಸಂಜೆ ಒಂದು ಗಂಟೆ ಹೆಚ್ಚಿಗೆ ಕಲಿಸಬಹುದಿತ್ತು” ಎಂದರು. ಕೂಟದ ಕಾರಣಕ್ಕೆ ನಾನು ಈವರೆಗೆ ಒಂದೇ ಒಂದು ಪೀರಿಯಡ್ ಕೂಡ ತಪ್ಪಿಸಿದವಳಲ್ಲ, ಆದರೂ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ಸ್ಟಾಫ್ ರೂಮಿನಲ್ಲಿಯೂ “ಗಣಿತದವರಿಗೆ ಇದೆಲ್ಲ ಯಾಕೆ?” ಎಂಬ ಮಾತು ನಗುವಿನೊಡನೆ ಬರುತ್ತಿರುತ್ತದೆ. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದುಕೊಂಡೇ ಕವಿಗಳೂ ಕೃಷಿಕರೂ ಹೋರಾಟಗಾರರೂ ಆಗಿದ್ದರೆಂದು ನಾವೆಲ್ಲ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಭಾಷೆ ಕಲಿಸುವವರು ಬರೆದರೆ ಅದು ಸಹಜ, ಗಣಿತ ಕಲಿಸುವವರು ಬರೆದರೆ ಅದು ಕರ್ತವ್ಯಲೋಪ ಎಂಬ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು. ಆರು ಸಾಲುಗಳ ಭಾಮಿನಿ ಷಟ್ಪದಿಯನ್ನು ನಾನು ಆರಿಸಿಕೊಂಡದ್ದೇ ಅದರ ಲೆಕ್ಕ ನನಗೆ ಹಿಡಿಸಿದ್ದರಿಂದ. 1, 2, 4, 5ನೆಯ ಸಾಲುಗಳಲ್ಲಿ 3+4+3+4 ಎಂದು 14 ಮಾತ್ರೆಗಳು; 3 ಮತ್ತು 6ನೆಯ ಸಾಲುಗಳಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಸೇರಿ 23; ಒಟ್ಟು ಪದ್ಯಕ್ಕೆ 102. ಲಘು ಎಂಬ ಗಿಡ್ಡ ಅಕ್ಷರಕ್ಕೆ ಒಂದು, ಗುರು ಎಂಬ ಉದ್ದ ಅಕ್ಷರಕ್ಕೆ ಎರಡು ಮಾತ್ರೆ ಎಂದು ಹಿಡಿದರೆ ಮೂರು ಮಾತ್ರೆಯ ಗಣವನ್ನು, ಅಂದರೆ ಅಕ್ಷರಗಳ ಗುಂಪನ್ನು, 3 ವಿಧದಲ್ಲಿಯೂ ನಾಲ್ಕು ಮಾತ್ರೆಯ ಗಣವನ್ನು 5 ವಿಧದಲ್ಲಿಯೂ ಕಟ್ಟಬಹುದು. ಹಾಗಾದರೆ ಏಳು ಮಾತ್ರೆಗೆ 15 ವಿಧ, 14 ಮಾತ್ರೆಯ ಒಂದು ಸಾಲಿಗೆ 225 ವಿಧ. ಇಷ್ಟೊಂದು ದಾರಿಗಳಿರುವಾಗ ಬರೆಯುವುದು ಕಷ್ಟವಾಗಲಾರದು ಎಂದುಕೊಂಡೆ.

ಆದರೆ ನಮ್ಮ ಕೂಟದಲ್ಲಿ ಪದ್ಯ ಹಾಡುವ ಭಾಗವತರು ನನ್ನ ಹಲವು ಸಾಲುಗಳನ್ನು ಹಾಡಿನೋಡಿ ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಉದಾಹರಣೆಗೆ ಅಂಬೆಯು ಹೊಳೆಯ ದಡದಲ್ಲಿ ನಿಂತಿರುವ ಪದ್ಯದ ಮೊದಲ ಸಾಲು ಇದು:

ಅವಳ ವಿಷಾದ ಮಡುವ ಕಲಕಿತು

ಬೆರಳು ಮಡಚಿ ಎಣಿಸಿದರೆ ಹದಿನಾಲ್ಕೇ ಇದೆ. ಭಾಗವತರು ಹೇಳಿದ್ದು ಇಷ್ಟೇ: “ಲೆಕ್ಕ ಸರಿ ಇರಬಹುದು ಟೀಚರೇ, ಹಾಡುವಾಗ ಎಡವುತ್ತದೆ.” ಯಾಕೆ ಎಡವುತ್ತದೆಂದು ಅವರಿಗೂ ಬಿಡಿಸಿ ಹೇಳಲಾಗಲಿಲ್ಲ.

ಈಗ ನನ್ನ ಪ್ರಶ್ನೆಗಳು. ಗಣಿತ ಕಲಿಸುತ್ತಲೇ ಬೇರೆ ಯಾವುದಾದರೂ ಕಲೆಯಲ್ಲಿ ತೊಡಗಿದವರು ಇಲ್ಲಿದ್ದರೆ, ಹೊತ್ತನ್ನು ಹೇಗೆ ಹೊಂದಿಸಿಕೊಂಡಿರಿ? ಆ ಕಲೆಯನ್ನು ತರಗತಿಯೊಳಗೆ ತಂದು “ಇದೂ ಪಾಠವೇ” ಎಂದು ತೋರಿಸಬೇಕೇ, ಅಥವಾ ಎರಡನ್ನೂ ಬೇರೆಬೇರೆಯಾಗಿಯೇ ಇರಗೊಡಬೇಕೇ?


ಉತ್ತರ 1: ನಿವೃತ್ತ ಗಣಿತ ಮಾಸ್ತರ, ನೀರ್ಚಾಲು

ಟೀಚರೇ, ನಾನು ಮೂವತ್ತೊಂದು ವರ್ಷ ಗಣಿತ ಕಲಿಸಿದವನು, ನಲವತ್ತು ವರ್ಷಗಳಿಂದ ಮದ್ದಳೆ ಬಾರಿಸುತ್ತಿರುವವನು. ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ.

ಸೇವೆಯ ನಡುವಯಸ್ಸಿನಲ್ಲಿ ನನಗೂ ನಿಮ್ಮಂತೆಯೇ ಮಾತು ಕೇಳಬೇಕಾಗಿ ಬಂದಿತ್ತು. ಆಗ ನಾನೊಂದು ಉಪಾಯ ಹೂಡಿದೆ. ಮದ್ದಳೆಯನ್ನೇ ಗಣಿತ ಮೇಳದ ಪ್ರಾಜೆಕ್ಟ್ ಮಾಡಿಬಿಟ್ಟೆ. ತ್ರಿವುಡೆ ತಾಳಕ್ಕೆ ಏಳು ಅಕ್ಷರ, ಏಕತಾಳಕ್ಕೆ ನಾಲ್ಕು. ಇಬ್ಬರು ಹುಡುಗರು ಒಟ್ಟಿಗೆ ಆರಂಭಿಸಿ ಒಬ್ಬನು ಏಳರಲ್ಲಿಯೂ ಮತ್ತೊಬ್ಬನು ನಾಲ್ಕರಲ್ಲಿಯೂ ಚಪ್ಪಾಳೆ ತಟ್ಟುತ್ತ ಹೋದರೆ 28 ಎಣಿಕೆ ಮುಗಿದ ಕೂಡಲೇ ಇಬ್ಬರ ಚಪ್ಪಾಳೆಯೂ ಮತ್ತೆ ಒಟ್ಟಿಗೆ ಬೀಳುತ್ತದೆ. ಲಘುತ್ತಮ ಸಾಮಾನ್ಯ ಅಪವರ್ತ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಏಳು ಮತ್ತು ಹತ್ತನ್ನು, ಅಂದರೆ ತ್ರಿವುಡೆಯನ್ನೂ ಝಂಪೆಯನ್ನೂ, ಜೋಡಿಸಿದರೆ 70ರ ತನಕ ಕಾಯಬೇಕು. ಆರು ಮತ್ತು ನಾಲ್ಕನ್ನು ಜೋಡಿಸಿದರೆ 24ರ ತನಕ ಕಾಯಬೇಕಾಗಿಲ್ಲ, 12ಕ್ಕೇ ಕೂಡುತ್ತವೆ. ಮಕ್ಕಳು “ಯಾಕೆ?” ಎಂದು ತಾವಾಗಿ ಕೇಳಿದರು. ಪ್ರಾಜೆಕ್ಟಿಗೆ ಬಹುಮಾನವೂ ಬಂತು, ನನ್ನನ್ನು ನೋಡಿ ನಗುತ್ತಿದ್ದವರ ಬಾಯಿಯೂ ಮುಚ್ಚಿತು.

ನಷ್ಟ ಆಮೇಲೆ ತಿಳಿಯಿತು. ಆ ವರ್ಷದ ಮಳೆಗಾಲದಲ್ಲಿ ಒಂದು ತಾಳಮದ್ದಳೆಗೆ ಕುಳಿತಿದ್ದೆ. ಭಾಗವತರು ಒಂದು ಕರುಣರಸದ ಪದ್ಯವನ್ನು ನಿಧಾನವಾಗಿ ಎತ್ತಿಕೊಂಡರು. ಬೆರಳುಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು, ಆದರೆ ಮನಸ್ಸು ಪದ್ಯದ ಮೇಲೆ ಇರಲಿಲ್ಲ, ಅದು 28ಕ್ಕೆ ಕಾಯುತ್ತಿತ್ತು. ಹಿಂದೆ ಭಾಗವತರ ಉಸಿರನ್ನು ನೋಡಿ ಪೆಟ್ಟು ಹಗುರ ಮಾಡುತ್ತಿದ್ದವನು ಈಗ ಎಣಿಸುತ್ತ ಕುಳಿತಿದ್ದೆ. ಪದ್ಯ ಮುಗಿದ ಮೇಲೆ ಅವರು ನನ್ನ ಕಡೆಗೆ ತಿರುಗಿ “ಮಾಷ್ಟ್ರೇ, ಇವತ್ತು ಎಲ್ಲಿದ್ದೀರಿ?” ಎಂದು ಕೇಳಿದರು. ಅದು ಸರಿಹೋಗಲು ನನಗೆ ಎರಡು ವರ್ಷ ಬೇಕಾಯಿತು. ಆದುದರಿಂದ ನನ್ನ ಸಲಹೆ: ನಿಮ್ಮ ಅಂಬೆಯನ್ನು ಹತ್ತನೆಯ ತರಗತಿಗೆ ಕರೆದುಕೊಂಡು ಹೋಗಬೇಡಿ. ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಒಂದು ಕೆಲಸ ಮನುಷ್ಯನಿಗೆ ಇರಲಿ.

ಹೊತ್ತಿನ ವಿಷಯ. ನಮ್ಮ ಸೀಮೆಯ ಯಕ್ಷಗಾನ ಮೇಳಗಳ ತಿರುಗಾಟ ದೀಪಾವಳಿಯ ಆಸುಪಾಸಿನಲ್ಲಿ ಆರಂಭವಾಗಿ ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ ಮುಗಿಯುತ್ತದೆ. ಶಾಲೆಯ ಒತ್ತಡವೂ ಡಿಸೆಂಬರಿನಿಂದ ಎಪ್ರಿಲಿನ ತನಕವೇ ಇರುತ್ತದೆ: ಕಲೋತ್ಸವ, ಮಾರ್ಚಿನ ಎಸ್.ಎಸ್.ಎಲ್.ಸಿ. ಪರೀಕ್ಷೆ, ಎಪ್ರಿಲಿನ ವ್ಯಾಲ್ಯುಯೇಷನ್ ಕ್ಯಾಂಪ್. ಎರಡೂ ಒಂದೇ ಕಾಲಕ್ಕೆ ಕುತ್ತಿಗೆ ಹಿಡಿಯುತ್ತವೆ. ಒಮ್ಮೆ ಬೆಳಗಿನ ತನಕ ಯಕ್ಷಗಾನದ ಆಟಕ್ಕೆ ಬಾರಿಸಿ ಅಲ್ಲಿಂದಲೇ ಶಾಲೆಗೆ ಹೋಗಿ ವರ್ಗ ಸಮೀಕರಣದ ಸೂತ್ರದಲ್ಲಿ ಕಳೆಯುವ ಚಿಹ್ನೆಯನ್ನೇ ಬಿಟ್ಟು ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಿದ್ದಿದಳು. ಅಂದಿನಿಂದ ಶಾಲೆಯಿರುವ ದಿನದ ಹಿಂದಿನ ರಾತ್ರಿ ಆಟಕ್ಕೆ ಒಪ್ಪಿಕೊಳ್ಳುವುದನ್ನು ಬಿಟ್ಟು ಮಳೆಗಾಲದ ತಾಳಮದ್ದಳೆಗಳನ್ನೇ ಹಿಡಿದುಕೊಂಡೆ. ಸಂಜೆ ಆರಕ್ಕೆ ಕುಳಿತರೆ ಹತ್ತಕ್ಕೆ ಮಂಗಳ. ನೀವು ಬರೆಯುವವರು, ನಿಮಗೆ ಇನ್ನೂ ಸುಲಭ. ಜೂನಿನಿಂದ ಓಣಂ ಪರೀಕ್ಷೆಯ ತನಕ ಬರೆಯಿರಿ, ಜನವರಿಯಿಂದ ಮಾರ್ಚಿನ ತನಕ ಪುಸ್ತಕವನ್ನು ಕಪಾಟಿನಲ್ಲಿಡಿ. ಪದ್ಯ ಅಲ್ಲಿ ಕೆಟ್ಟುಹೋಗುವುದಿಲ್ಲ.

“ಗಣಿತದವರಿಗೆ ಇದೆಲ್ಲ ಯಾಕೆ?” ಎನ್ನುವವರಿಗೆ ಕಾಪ್ರೇಕರರ ಕಥೆಯನ್ನು ಹೇಳಿ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ಅವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು, ಸ್ನಾತಕೋತ್ತರ ಪದವಿ ಇಲ್ಲದವರು, 1930ರಿಂದ 1962ರ ತನಕ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲೆಯ ಅಧ್ಯಾಪಕರಾಗಿದ್ದವರು. ಶಾಲೆ ಬಿಟ್ಟ ಮೇಲೆ ಸಂಖ್ಯೆಗಳೊಡನೆ ಆಡುವುದೇ ಅವರ ಹವ್ಯಾಸ. ಡೊಂಬಿವಲಿ ರೈಲು ನಿಲ್ದಾಣದಲ್ಲಿ ಹೊಳೆದ ಒಂದು ಬಗೆಯ ಸಂಖ್ಯೆಗಳಿಗೆ ಆ ನಿಲ್ದಾಣದ ಆಗಿನ ಹೆಸರಿನಿಂದಲೇ ‘ಡೆಮ್ಲೊ ಸಂಖ್ಯೆ’ ಎಂದು ಹೆಸರಿಟ್ಟರು. ಅದರಲ್ಲಿ ಪಾಠಪುಸ್ತಕಕ್ಕೆ ಬೇಕಾದದ್ದು ಏನೂ ಇರಲಿಲ್ಲ. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡನರ್ ತಮ್ಮ ಪತ್ರಿಕಾ ಅಂಕಣದಲ್ಲಿ ಬರೆದಾಗ ಹೊರದೇಶಗಳಲ್ಲಿ ಅವರ ಹೆಸರು ಹಬ್ಬಿತು. ಅಷ್ಟರಲ್ಲಿ ಅವರು ನಿವೃತ್ತರಾಗಿ ಹದಿಮೂರು ವರ್ಷಗಳಾಗಿದ್ದವು.

ಅವರ 6174 ನಿಮಗೆ ಗೊತ್ತಿರುತ್ತದೆ, ಗೊತ್ತಿಲ್ಲದವರಿಗಾಗಿ ಬರೆಯುತ್ತೇನೆ. ನಾಲ್ಕೂ ಅಂಕಿಗಳು ಒಂದೇ ಆಗಿರದ ನಾಲ್ಕಂಕಿಯ ಯಾವುದೇ ಸಂಖ್ಯೆಯನ್ನು ತೆಗೆದುಕೊಂಡು, ಅದರ ಅಂಕಿಗಳನ್ನು ಇಳಿಕೆಯಲ್ಲಿ ಬರೆದು ಏರಿಕೆಯಲ್ಲಿ ಬರೆದದ್ದನ್ನು ಕಳೆಯುತ್ತ ಹೋದರೆ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174 ಬಂದೇ ಬರುತ್ತದೆ, ಆಮೇಲೆ ಅಲ್ಲಿಂದ ಕದಲುವುದಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ, ಈ ಮಣ್ಣಿನ ಕನ್ನಡಿಗರು ಮರೆಯದ 1956ನ್ನೇ ತೆಗೆದುಕೊಳ್ಳಿ. 9651ರಿಂದ 1569 ಕಳೆದರೆ 8082. 8820ರಿಂದ 0288 ಕಳೆದರೆ 8532. 8532ರಿಂದ 2358 ಕಳೆದರೆ 6174. ಮೂರು ಹೆಜ್ಜೆ. ನಮ್ಮದು ಬೇರೆ ಜಿಲ್ಲೆಯಾದ 1984ಕ್ಕೆ ಎರಡೇ ಹೆಜ್ಜೆ ಸಾಕು: 9841ರಿಂದ 1489 ಹೋದರೆ 8352, ಮುಂದಿನದು ಮೇಲಿನಂತೆಯೇ. ಇದರಿಂದ ಯಾರಿಗೆ ಏನು ಲಾಭ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಿವೃತ್ತನಾದ ಮೇಲೂ ಬಸ್ಸಿನಲ್ಲಿ ಕುಳಿತಾಗ ಎದುರಿನ ವಾಹನದ ನಂಬರಿಗೆ ಇದನ್ನೇ ಮಾಡುತ್ತಿರುತ್ತೇನೆ.


ಉತ್ತರ 2: ಹೆತ್ತವರಲ್ಲಿ ಒಬ್ಬ, ಉಪ್ಪಳ

ಎಲ್ಲರೂ ಟೀಚರ ಪರವಾಗಿಯೇ ಬರೆಯುವಂತೆ ಕಾಣುತ್ತಿರುವುದರಿಂದ ಇನ್ನೊಂದು ಬದಿಯನ್ನು ಹೇಳುತ್ತೇನೆ. ನಮ್ಮ ಕಡೆಯ ಕನ್ನಡ ವಿಭಾಗದ ಮಕ್ಕಳಿಗೆ ಕನ್ನಡದಲ್ಲಿ ಗಣಿತ ಬಿಡಿಸಿ ಹೇಳುವವರು ಶಾಲೆಯ ಹೊರಗೆ ಸುಲಭವಾಗಿ ಸಿಗುವುದಿಲ್ಲ. ಟ್ಯೂಷನ್ ಸೆಂಟರುಗಳಲ್ಲಿ ಮಲಯಾಳ ಅಥವಾ ಇಂಗ್ಲಿಷ್. ನನ್ನ ಮಗನಿಗೆ ಒಂದು ವರ್ಷ ಕನ್ನಡ ಬಾರದ ಅಧ್ಯಾಪಕರೇ ಗಣಿತಕ್ಕೆ ಇದ್ದರು. ಅವನು ‘ಸ್ಪರ್ಶಕ’ ಎಂಬ ಪದವನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿಯೇ ಮೊದಲು ಕಂಡದ್ದು. ಹೀಗಿರುವಾಗ ಕನ್ನಡ ಬಲ್ಲ ಗಣಿತ ಟೀಚರೊಬ್ಬರ ಸಂಜೆಯ ಮೇಲೆ ನಮಗೆ ಆಸೆ ಹುಟ್ಟುವುದು ತಪ್ಪಲ್ಲ. ಅದು ನಮ್ಮ ಹಕ್ಕು ಎಂದು ನಾನು ಹೇಳುತ್ತಿಲ್ಲ. ಸಭೆಯಲ್ಲಿ ಹಾಗೆ ಎದ್ದುನಿಂತು ಕೇಳಿದ್ದು ಸರಿಯಲ್ಲ, ಆದರೆ ಕೇಳಿದವರ ಭಯ ಯಾವುದೆಂದು ನನಗೆ ಗೊತ್ತು. ಫೆಬ್ರವರಿಯಲ್ಲಿ ವಾರಕ್ಕೆ ಒಂದು ಸಂಜೆಯನ್ನಾದರೂ ಮಕ್ಕಳಿಗೆ ಕೊಟ್ಟರೆ ಯಾರೂ ತಾಳಮದ್ದಳೆಯ ಹೆಸರೆತ್ತಲಾರರು.


ಉತ್ತರ 3: ಕನ್ನಡ ಪಂಡಿತ, ಬದಿಯಡ್ಕ

ಟೀಚರ ಸಾಲು ಏಕೆ ಎಡವುತ್ತದೆ ಎಂಬುದಕ್ಕೆ ಮಾತ್ರ ಉತ್ತರಿಸುತ್ತೇನೆ. ಹೊತ್ತಿನ ವಿಷಯದಲ್ಲಿ ನೀರ್ಚಾಲಿನ ಮಾಸ್ತರರು ಹೇಳಿದ್ದರ ಮೇಲೆ ನನಗೆ ಹೇಳಲು ಇಲ್ಲ.

ನಿಮ್ಮ ಎಣಿಕೆ ಗಣಿತವಾಗಿ ಸರಿ. ಒಂದು ಮಾತ್ರೆಗೆ 1, ಎರಡಕ್ಕೆ 2, ಮೂರಕ್ಕೆ 3, ನಾಲ್ಕಕ್ಕೆ 5, ಐದಕ್ಕೆ 8 ಎಂದು ಹೋಗುವ ಈ ಸರಣಿಯನ್ನು ಪ್ರಾಕೃತ ಛಂದಸ್ಸಿನ ಕುರಿತು ಬರೆದ ವಿರಹಾಂಕನೂ 12ನೆಯ ಶತಮಾನದಲ್ಲಿ ಹೇಮಚಂದ್ರನೂ ಹೇಳಿದ್ದಾರೆ. ಅದು ಫಿಬೊನಾಚಿಯ ಹೆಸರಿನಿಂದ ಪ್ರಸಿದ್ಧವಾದದ್ದು ಆತನ 1202ರ ಪುಸ್ತಕದಿಂದ. ಮಾತ್ರೆಗಳ ಲೆಕ್ಕ ಹಾಕುತ್ತ ಕುಳಿತವರು ಕವಿಗಳೋ ಗಣಿತಜ್ಞರೋ ಎಂಬ ಪ್ರಶ್ನೆ ಅವರ ಕಾಲದಲ್ಲಿ ಹುಟ್ಟಿರಲಾರದು. ನಮ್ಮಲ್ಲಿಯೇ 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡ ಪದ್ಯಗಳಲ್ಲಿ ಬರೆದವನು. ನಿಮ್ಮ ಸ್ಟಾಫ್ ರೂಮಿನಲ್ಲಿ ಆತನಿದ್ದಿದ್ದರೆ ಅವನನ್ನೂ ನೋಡಿ ನಗುತ್ತಿದ್ದರೇನೋ.

ಆದರೆ ಷಟ್ಪದಿಗೆ ಎಣಿಕೆಯ ಮೇಲೆ ಇನ್ನೊಂದು ಕಟ್ಟಳೆ ಇದೆ, ಅದನ್ನು ನೀವು ಬಿಟ್ಟಿದ್ದೀರಿ. ಗಣದ ಆದಿಯಲ್ಲಿ ಲಘುವಿನ ಬೆನ್ನಿಗೆ ಗುರು ಬರಕೂಡದು. ಅಂತಹ ಗಣವನ್ನು ಲಗಾದಿ ಎನ್ನುತ್ತಾರೆ. ಮೂರು ಮಾತ್ರೆಯ ಮೂರು ವಿಧಗಳಲ್ಲಿ ‘ಲಘು-ಗುರು’ ಎಂಬುದು ಹೋಯಿತು, ಉಳಿದದ್ದು 2. ನಾಲ್ಕು ಮಾತ್ರೆಯ ಐದು ವಿಧಗಳಲ್ಲಿ ‘ಲಘು-ಗುರು-ಲಘು’, ಅಂದರೆ ಜಗಣ, ಹೋಯಿತು, ಉಳಿದದ್ದು 4. ಹೀಗಾಗಿ ಏಳು ಮಾತ್ರೆಗೆ ನಿಮ್ಮ 15 ದಾರಿಗಳಲ್ಲಿ 8 ಉಳಿಯುತ್ತವೆ, ಒಂದು ಸಾಲಿನ 225ರಲ್ಲಿ 64.

ಇನ್ನು ನಿಮ್ಮ ಸಾಲನ್ನು ನೋಡಿ: ಅವಳ | ವಿಷಾದ | ಮಡುವ | ಕಲಕಿತು. ಎರಡನೆಯ ಗಣದ ‘ವಿಷಾದ’ ಲಘು-ಗುರು-ಲಘು. ಗಣದ ಆರಂಭದಲ್ಲಿ ಒತ್ತು ಬೀಳುತ್ತದೆ; ಆ ಒತ್ತು ‘ವಿ’ ಎಂಬ ಗಿಡ್ಡ ಅಕ್ಷರದ ಮೇಲೆ ಬಿದ್ದು, ಮರುಕ್ಷಣವೇ ಒತ್ತಿಲ್ಲದ ಜಾಗದಲ್ಲಿ ‘ಷಾ’ ಎಂದು ಉದ್ದಕ್ಕೆ ಎಳೆಯಬೇಕಾಗುತ್ತದೆ. ಮೆಟ್ಟಿಲು ಇಳಿಯುವಾಗ ಇನ್ನೊಂದು ಇದೆಯೆಂದು ಕಾಲಿಟ್ಟು ನೆಲ ಸಿಕ್ಕಿದಂತೆ. ನಿಮ್ಮ ಭಾಗವತರಿಗೆ ನಿಯಮದ ಹೆಸರು ಗೊತ್ತಿಲ್ಲದಿರಬಹುದು, ಕಿವಿಗೆ ಗೊತ್ತಿದೆ. ‘ವಿಷಾದ’ದ ಜಾಗದಲ್ಲಿ ನಾಲ್ಕು ಲಘುಗಳ ಅಥವಾ ಗುರುವಿನಿಂದ ಆರಂಭವಾಗುವ ಪದವನ್ನು ಇಟ್ಟು ನೋಡಿ. ಸಂಸ್ಕೃತದ ಪದಗಳನ್ನು ಹಾಗೆಯೇ ತಂದಾಗ ಈ ತೊಂದರೆ ಹೆಚ್ಚು: ವಿಷಾದ, ವಿಶಾಲ, ಕುಮಾರ, ಪ್ರಯಾಣ, ಎಲ್ಲವೂ ಜಗಣಗಳೇ. ಅಚ್ಚಗನ್ನಡದ ಪದಗಳು ಬಹುಪಾಲು ಈ ಬಲೆಗೆ ಬೀಳುವುದಿಲ್ಲ.


ಉತ್ತರ 4: ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯ ಅಧ್ಯಾಪಕ, ಮಂಜೇಶ್ವರ ಕಡೆ

ನೀರ್ಚಾಲಿನ ಮಾಷ್ಟ್ರ ಬಗ್ಗೆ ಗೌರವವಿದೆ, ಆದರೆ “ತರಗತಿಗೆ ತರಬೇಡಿ” ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಹವ್ಯಾಸ ಕಾಗದ ಮಡಚುವುದು, ಅಂದರೆ ಒರಿಗಾಮಿ. ನಾನು ಅದನ್ನು ತರಗತಿಗೆ ತಂದೆ, ನನ್ನ ಹವ್ಯಾಸವೇನೂ ಸಾಯಲಿಲ್ಲ.

‘ಸೊನೋಬೆ’ ಎಂಬ ಒಂದು ಜಪಾನೀ ಮಡಿಕೆ ಇದೆ. ಚೌಕದ ಕಾಗದವನ್ನು ಮಡಚಿ ಎರಡು ಕಿವಿ, ಎರಡು ಜೇಬುಗಳಿರುವ ತುಂಡನ್ನಾಗಿ ಮಾಡುವುದು. ಒಂದರ ಕಿವಿಯನ್ನು ಇನ್ನೊಂದರ ಜೇಬಿಗೆ ತೂರಿಸುತ್ತ ಹೋಗುವುದು. ಅಂಟು ಬೇಕಾಗಿಲ್ಲ. ಆರು ತುಂಡುಗಳಿಂದ ಘನ ಆಗುತ್ತದೆ, ಹನ್ನೆರಡರಿಂದ ಒಂದು ಮುಳ್ಳುಗೋಲ, ಮೂವತ್ತರಿಂದ ದೊಡ್ಡ ಮುಳ್ಳುಗೋಲ. ಕಳೆದ ವರ್ಷದ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಏಳನೆಯ ತರಗತಿಯ ಮಕ್ಕಳಿಗೆ ಕೊಟ್ಟೆ. ಇಪ್ಪತ್ತೊಂಬತ್ತು ಸೇರಿದ ಮೇಲೆ ಮೂವತ್ತನೆಯದನ್ನು ತೂರಿಸುವುದಿದೆಯಲ್ಲ, ಅದು ನಿಜವಾದ ಪರೀಕ್ಷೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಮೂರು ಹುಡುಗಿಯರು ಆರು ಕೈಗಳಿಂದ ಹಿಡಿದುಕೊಂಡು, ನಾಲ್ಕನೆಯವಳು ಹೇರ್ ಪಿನ್ನಿನಿಂದ ಕಿವಿಯನ್ನು ಒಳಗೆ ತಳ್ಳಿದಳು. ಆಮೇಲೆ ಒಬ್ಬಳು “ಮಾಷೇ, 6, 12, 30 ಯಾಕೆ? 20 ಯಾಕೆ ಆಗುವುದಿಲ್ಲ?” ಎಂದು ಕೇಳಿದಳು.

ಉತ್ತರ ಅಂಚುಗಳಲ್ಲಿದೆ. ಒಂದೊಂದು ತುಂಡೂ ಒಳಗೆ ಅಡಗಿರುವ ಘನಾಕೃತಿಯ ಒಂದೊಂದು ಅಂಚನ್ನು ಹೊದ್ದುಕೊಳ್ಳುತ್ತದೆ. ತ್ರಿಕೋನದ ನಾಲ್ಕು ಮುಖಗಳಿರುವ ಆಕೃತಿಗೆ 6 ಅಂಚು, ಎಂಟು ಮುಖಗಳದ್ದಕ್ಕೆ 12, ಇಪ್ಪತ್ತು ಮುಖಗಳದ್ದಕ್ಕೆ 30. ಪ್ರತಿ ಮುಖದ ಮೇಲೆ ಒಂದು ಸಣ್ಣ ಗೋಪುರ ಏಳುತ್ತದೆ. ಆರು ತುಂಡುಗಳದ್ದು ಘನದಂತೆ ಕಂಡರೂ ಅದು ನಿಜವಾಗಿ ನಾಲ್ಕು ಮುಖಗಳ ಆಕೃತಿಯ ಮೇಲೆ ನಾಲ್ಕು ಗೋಪುರ ಕಟ್ಟಿದ್ದು. ಶೃಂಗಗಳಿಂದ, ಅಂದರೆ ಮೂಲೆಗಳಿಂದ, ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿದರೆ 2 ಎಂಬ ಆಯ್ಲರನ ಸೂತ್ರವನ್ನು (12 − 30 + 20) ಆ ಮಕ್ಕಳು ಅದರ ಹೆಸರನ್ನು ಕೇಳುವ ಮೊದಲೇ ಕೈಯಲ್ಲಿ ಹಿಡಿದಿದ್ದರು. ಈ ಪ್ರಶ್ನೆ ನನಗೆ ಮನೆಯಲ್ಲಿ ಒಬ್ಬನೇ ಮಡಚುವಾಗ ಐದು ವರ್ಷಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಟೀಚರೇ, ನಿಮ್ಮ ಮಾತ್ರೆಗಳ ಎಣಿಕೆಯನ್ನು ಮಕ್ಕಳಿಗೆ ತೋರಿಸದೆ ಇಡುವುದು ನಷ್ಟವೇ.


ಮರುಮಾತು: ನಿವೃತ್ತ ಗಣಿತ ಮಾಸ್ತರ, ನೀರ್ಚಾಲು

ಮಂಜೇಶ್ವರದ ಮಾಷ್ಟ್ರು ಹೇಳಿದ್ದರಲ್ಲಿ ಒಂದು ವ್ಯತ್ಯಾಸವಿದೆ, ಅದನ್ನು ಬಿಟ್ಟರೆ ನನಗೆ ತಕರಾರಿಲ್ಲ. ಅವರು ಮಕ್ಕಳ ಕೈಗೆ ಕಾಗದ ಕೊಟ್ಟು ಸುಮ್ಮನೆ ಕುಳಿತರು. ನಾನು ಮದ್ದಳೆಯನ್ನು ತಂದದ್ದು ನಗುವವರ ಬಾಯಿ ಮುಚ್ಚಿಸುವುದಕ್ಕಾಗಿ. ನನ್ನ ಪೆಟ್ಟು ತಪ್ಪಿದ್ದಕ್ಕೆ ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು ದೂರಿದ್ದು ತಪ್ಪೇ ಇರಬಹುದು. ಉಪ್ಪಳದವರ ಮಾತನ್ನೂ ತೂಗಿ ನೋಡಿದೆ. ಅವರ ಫೆಬ್ರವರಿಯ ಒಂದು ಸಂಜೆ ನ್ಯಾಯವಾದ ಬೇಡಿಕೆ.


ಪ್ರಶ್ನೆ ಕೇಳಿದವರ ಮರುಮಾತು: ಮುಳ್ಳೇರಿಯ ಕಡೆಯ ಗಣಿತ ಟೀಚರ್

ಎಲ್ಲರಿಗೂ ಕೃತಜ್ಞತೆಗಳು. ಪಂಡಿತರ ಉತ್ತರವನ್ನು ಓದಿದ ರಾತ್ರಿಯೇ ಟೀಚಿಂಗ್ ಮ್ಯಾನುವಲಿನ ಹಿಂಬದಿಯನ್ನು ತೆರೆದು ಈವರೆಗೆ ಬರೆದ 17 ಪದ್ಯಗಳ 102 ಸಾಲುಗಳನ್ನು ಕೆಂಪು ಪೆನ್ನು ಹಿಡಿದು ಗಣ ಒಡೆದೆ. (ಪದ್ಯಕ್ಕೆ 102 ಮಾತ್ರೆ, ನನ್ನಲ್ಲಿರುವುದು 102 ಸಾಲು, ಇದು ಬರಿಯ ಕಾಕತಾಳೀಯ, ಆದರೂ ಗಣಿತದವಳಾದ್ದರಿಂದ ಹೇಳದೆ ಇರಲಾರೆ.) ಒಂಬತ್ತು ಸಾಲುಗಳಲ್ಲಿ ಲಗಾದಿ ಗಣಗಳು ಸಿಕ್ಕಿದವು. ಭಾಗವತರು ಪೆನ್ಸಿಲ್ ಎಳೆದದ್ದು ಹನ್ನೊಂದು ಸಾಲುಗಳಿಗೆ. ನನ್ನ ಒಂಬತ್ತೂ ಅವರ ಹನ್ನೊಂದರ ಒಳಗೇ ಇದ್ದವು. ಉಳಿದ ಎರಡರಲ್ಲಿ ಗಣಗಳು ಸರಿಯಿದ್ದರೂ ಪದವು ಅರ್ಥ ಕೆಡುವ ಜಾಗದಲ್ಲಿ ಒಡೆಯುತ್ತಿತ್ತು. ಒಂದೂ ನಿಯಮ ಓದದ ಕಿವಿಯು ಒಂದೂ ತಪ್ಪಿಲ್ಲದೆ ಮೌಲ್ಯಮಾಪನ ಮಾಡಿತ್ತು.

ಆಮೇಲೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಭಾಮಿನಿಯ ಒಂದು ಪದ್ಯದಲ್ಲಿ ಮೂರು ಮಾತ್ರೆಯ ಗಣಗಳು 14, ನಾಲ್ಕು ಮಾತ್ರೆಯವು 14. ಲಗಾದಿಯನ್ನು ತೆಗೆದ ಮೇಲೆ ಮೊದಲನೆಯದಕ್ಕೆ 2 ವಿಧ, ಎರಡನೆಯದಕ್ಕೆ 4. ನಾಲ್ಕೆಂದರೆ ಎರಡರ ವರ್ಗವೇ ಆದುದರಿಂದ ಇಡೀ ಪದ್ಯದ ದಾರಿಗಳ ಸಂಖ್ಯೆ 2ರ 42ನೆಯ ಘಾತ: 4,39,804 ಕೋಟಿಗಿಂತ ತುಸು ಹೆಚ್ಚು. ನಿಷೇಧವಿಲ್ಲದಿದ್ದಾಗ ಮೂರೂ ಐದೂ ಸೇರಿ ಕಲಸುಮೇಲೋಗರವಾಗಿದ್ದ ಲೆಕ್ಕ, ನಿಷೇಧ ಬಂದ ಮೇಲೆ ಬರಿಯ ಎರಡುಗಳಾಗಿ ತಿಳಿಯಾಯಿತು. ಐದು ಮಾತ್ರೆಯ ಗಣಗಳಿರುವ ವಾರ್ಧಕ ಷಟ್ಪದಿಗೆ ಈ ಭಾಗ್ಯವಿಲ್ಲ. ಅಲ್ಲಿ 8ರಲ್ಲಿ 2 ಹೋಗಿ 6 ಉಳಿಯುತ್ತದೆ, ಅದರೊಳಗೆ ಒಂದು 3 ಕುಳಿತುಬಿಡುತ್ತದೆ. ಇದನ್ನು ಕಂಡಾಗ ಗಂಟೆ ಹನ್ನೊಂದೂಮುಕ್ಕಾಲು, ಹೇಳಲು ಮನೆಯಲ್ಲಿ ಯಾರೂ ಎಚ್ಚರವಿರಲಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ತಾನಾಗಿ ಬಂತು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನು ನನ್ನ ಮೇಜಿನ ಮೇಲೆ ತೆರೆದಿದ್ದ ಮ್ಯಾನುವಲಿನಲ್ಲಿ ಗಣ ಒಡೆದ ಗೆರೆಗಳನ್ನು ನೋಡಿ “ಇದು ಯಾವ ಪಾಠದ್ದು ಟೀಚರ್?” ಎಂದು ಕೇಳಿದನು. “ಯಾವ ಪಾಠದ್ದೂ ಅಲ್ಲ, ನನ್ನದು” ಎಂದೆ. ಕನ್ನಡ ಪೀರಿಯಡಿನಲ್ಲಿ ಲಘು-ಗುರು ಕಲಿತಿದ್ದ ಅವನು ಮರುದಿನ ಐದು ಮಾತ್ರೆಯ ಎಂಟೂ ವಿಧಗಳನ್ನು ಬರೆದುಕೊಂಡು ಬಂದು ತೋರಿಸಿದನು. ನಾನು ಅದಕ್ಕೆ ಅಂಕ ಕೊಡಲಿಲ್ಲ, ಆರು ಮಾತ್ರೆಗೆ ಎಷ್ಟೆಂದು ಮಾತ್ರ ಕೇಳಿದೆ. ಉಪ್ಪಳದವರ ಸೂಚನೆಯಂತೆ ಫೆಬ್ರವರಿಯ ಬುಧವಾರಗಳ ಸಂಜೆಯನ್ನು ಹತ್ತನೆಯ ತರಗತಿಗೆ ಬಿಟ್ಟುಕೊಡುವುದಾಗಿ ಪಿ.ಟಿ.ಎ.ಗೆ ತಿಳಿಸಿದ್ದೇನೆ, ಮಾರ್ಚ್ ಮುಗಿಯುವ ತನಕ ಅಂಬೆ ಕಪಾಟಿನಲ್ಲಿರುತ್ತಾಳೆ. ಅದಕ್ಕೆ ಮುನ್ನ ಈ ಒಂದು ಪದ್ಯವನ್ನು ಮುಗಿಸಿಬಿಡುವ ಆಸೆ. ಪೂರ್ವಾರ್ಧ ಈಗ ಹೀಗಿದೆ, ಭಾಗವತರು ಎಡವದೆ ಹಾಡಿದರು:

ಅವಳ ದುಗುಡವು ಮಡುವ ಕಲಕಿತು
ಕವಿದ ಮುಗಿಲಿನ ನೆರಳ ಸರಿಸಿತು
ತವಕಗೊಂಡಿಹ ಮನದ ಮಾತಿಗೆ ದಡವೆ ಕಿವಿಯಾಯ್ತು

ಉತ್ತರಾರ್ಧದಲ್ಲಿ ಅವಳು ಪರಶುರಾಮನನ್ನು ನೆನೆಯಬೇಕು. ಮೇಲಿನ ಸಾಲುಗಳ ಪ್ರಾಸಕ್ಕೆ ಹೊಂದುವಂತೆ ಎರಡನೆಯ ಅಕ್ಷರ ‘ವ’ಕಾರವಾಗಿರುವ ಮೂರು ಮಾತ್ರೆಯ ಪದ ಬೇಕಾಗಿದೆ. ನನಗೆ ‘ಸವತಿ’ ಎಂಬುದೊಂದೇ ಹೊಳೆಯುತ್ತಿದೆ, ಅದು ಅಂಬೆಗೆ ಸಲ್ಲದು.


ಮರುಮಾತು: ಕನ್ನಡ ಪಂಡಿತ, ಬದಿಯಡ್ಕ

‘ಬವರ’ ನೋಡಿ, ಟೀಚರೇ. ಯುದ್ಧ ಎಂದರ್ಥ, ಮೂರೂ ಲಘು. ಭೀಷ್ಮ-ಪರಶುರಾಮರಿಗೆ ಮುಂದೆ ಅದೇ ತಾನೇ ಆಗುವುದು.